ಮೆಟ್ಟಿಲ ಕೆಳಗೆ ಕಂಡ ದೇಶ

ವೇದಿಕೆಯ ನಡುವೆ ಕುಳಿತಿರುವ ಅಧ್ಯಕ್ಷರಾದ ಪಾತ್ರೆ ಅಂಗಡಿಯವರೇ, ಅವರ ಎಡಬಲದಲ್ಲಿರುವ ಅತಿಥಿಗಳೇ, ನಮ್ಮ ಬೀದಿಯ ವರ್ತಕರ ಸಂಘದ ಸದಸ್ಯರೇ, ಹಿಂದಿನ ಸಾಲಿನಲ್ಲಿ ಆಗಲೇ ಹರಟೆಗೆ ಇಳಿದಿರುವ ಹೆಣ್ಣುಮಕ್ಕಳೇ, ಸಭಿಕರೇ,

ನಾನು ಓದಿದ್ದು ಹೈಸ್ಕೂಲಿನವರೆಗೆ. ಆಮೇಲೆ ಕಲಿತದ್ದೆಲ್ಲ ಚಪ್ಪಲಿ ಅಂಗಡಿಯ ಗಲ್ಲಾದ ಹಿಂದೆ ಕುಳಿತು. ಭಾಷಣ ಮಾಡುವ ಅಭ್ಯಾಸ ನನಗಿಲ್ಲ. ಬೈಯುವ ಅಭ್ಯಾಸವಿದೆ, ಅದು ನಿಮಗೂ ಗೊತ್ತು. ಆದರೂ ಕಾರ್ಯದರ್ಶಿಗಳಾದ ಬಟ್ಟೆ ಅಂಗಡಿಯವರು ಮನೆಗೇ ಬಂದರು. "ಅಮ್ಮ, ಭಾರತವೆಲ್ಲ ಸುತ್ಕೊಂಡು ಬಂದಿದ್ದೀರಿ. ವಾರ್ಷಿಕೋತ್ಸವದಲ್ಲಿ ನಾಲ್ಕು ಮಾತಾಡಿ. ಹಾಗೇ ಕೊನೇಲಿ ಆ ಖಾಲಿ ಮಳಿಗೆ ವಿಷಯಾನೂ ಮುಗಿಸ್ಬಿಡಿ. ನಿಮ್ಮ ಬಾಯಿಂದ್ಲೇ ಬಂದ್ರೆ ಚೆನ್ನ" ಎಂದರು.

ಮಳಿಗೆ ನನ್ನ ಅಂಗಡಿಯ ಪಕ್ಕದ್ದು, ನನ್ನದೇ. ಗಡಿಯಾರ ರಿಪೇರಿಯವರು ಬಿಟ್ಟುಹೋದ ಮೇಲೆ ಬೀಗ ಬಿದ್ದಿದೆ. ಈಗ ಅದನ್ನು ದೂರದ ಸೀಮೆಯ ಒಬ್ಬ ಬಾಡಿಗೆಗೆ ಕೇಳುತ್ತಿದ್ದಾನೆ. ಅವನ ಭಾಷೆ ಬೇರೆ, ಪ್ರಾರ್ಥನೆ ಬೇರೆ. ನಮ್ಮ ಭಾಷೆಯನ್ನು ಹರಕುಮುರುಕಾಗಿ ಕಲಿತಿದ್ದಾನೆ. ಮಾರುವುದು ಮಾತ್ರ ನಾನು ಮಾರುವುದನ್ನೇ, ಚಪ್ಪಲಿ! ಕೊಡುವುದಿಲ್ಲವೆಂದು ನಾನು ಈ ಮೈಕಿನಲ್ಲಿ ಹೇಳಬೇಕೆಂಬುದು ಸಂಘದ ಆಸೆ. ಇರಲಿ, ಅಲ್ಲಿಗೆ ಬರುತ್ತೇನೆ. ಮೊದಲು ಪ್ರವಾಸ.

ನಾನು, ನನ್ನ ನಾದಿನಿ, ಬಸ್ಸಿನ ತುಂಬ ಜನ. ದೇವಸ್ಥಾನ, ಬಸದಿ, ಗುರುದ್ವಾರ, ದರ್ಗಾ, ಒಂದನ್ನೂ ಬಿಡಲಿಲ್ಲ. ಎಲ್ಲರೂ ಒಳಗೆ ಹೋದರು. ನನ್ನ ಮಂಡಿಗಳು ಮಾತ್ರ ಮೆಟ್ಟಿಲು ಹತ್ತುವುದಿಲ್ಲವೆಂದು ಹಟ ಹಿಡಿದವು. ಹಾಗಾಗಿ ಹೋದಲ್ಲೆಲ್ಲ ನಾನು ಕುಳಿತದ್ದು ಮೆಟ್ಟಿಲ ಕೆಳಗೆ, ಚಪ್ಪಲಿ ಬಿಡುವ ಜಾಗದಲ್ಲಿ. "ಪಾಪ, ನಮ್ಮತ್ತಿಗೆ ಏನೂ ನೋಡ್ಲೇ ಇಲ್ಲ" ಎಂದು ನಾದಿನಿ ಬೀದಿಗೆಲ್ಲ ಸಾರಿದ್ದಾಳೆ. ನಾನು ನೋಡಲಿಲ್ಲವೇ? ಒಳಗೆ ನೂಕುನುಗ್ಗಲಲ್ಲಿ ಅವಳು ನೋಡಿದ್ದು ಮುಂದಿನವರ ಬೆನ್ನು. ನಾನು ನೋಡಿದ್ದು ದೇಶ.

ಎಂಥ ದೇಶ ಅಂತೀರಿ! ಮರಳುಸೀಮೆಯವರ ಚಪ್ಪಲಿಗೆ ಮೂಗು ಮೇಲಕ್ಕೆ ತಿರುಗಿದೆ. ಬೆಟ್ಟದವರ ಬೂಟಿನೊಳಗೆ ಉಣ್ಣೆ. ಕಡಲ ಕಡೆಯವರ ರಬ್ಬರ್ ಚಪ್ಪಲಿಯಲ್ಲಿ ಉಪ್ಪಿನ ಬಿಳಿ ಗೆರೆ. ಒಂದು ಸೀಮೆಯ ಹೊಲಿಗೆ ಇನ್ನೊಂದರಲ್ಲಿಲ್ಲ. ಒಂದಕ್ಕಿಂತ ಒಂದು ಚೆಂದ. ಒಳಗೆ ದೇವರ ಹೆಸರು ಬೇರೆ ಬೇರೆ. ಆದರೆ ಬಾಗಿಲು ಹತ್ತಿರವಾದಾಗ ಯಾರ ಕಾಲಾದರೂ ಒಂದೇ ಥರ ನಿಧಾನವಾಗುತ್ತಿತ್ತು. ನಮ್ಮ ಯಜಮಾನರು ಇದ್ದಿದ್ದರೆ ಪ್ರತಿಯೊಂದನ್ನೂ ತಿರುವಿ ಅಡಿಯ ಅಟ್ಟೆ ನೋಡುತ್ತಿದ್ದರು. ನನ್ನನ್ನು ಕರೆದುಕೊಂಡು ಹೋಗುತ್ತೇನೆಂದು ಹೇಳುತ್ತಲೇ ಇದ್ದರು. ಇರಲಿ.

ಇನ್ನು ಒಂದು ದರ್ಗಾದ ಸಂಗತಿ. ಅಲ್ಲಿ ಎಲ್ಲ ಮತದವರೂ ಬರುತ್ತಾರೆ. ಚಪ್ಪಲಿ ಕಾಯುವವನು ಸ್ವಲ್ಪ ನೋಡಿಕೊಳ್ಳಿ ಎಂದು ನನಗೆ ಕೈಸನ್ನೆ ಮಾಡಿ ನೀರು ತರಲು ಹೋದ. ಅಂಗಳದ ತುಂಬ ಚಪ್ಪಲಿ, ಒಂದು ಇಲ್ಲಿ, ಒಂದು ಅಲ್ಲಿ. ಮದುವೆಯಾಗಿ ಬಂದಂದಿನಿಂದ ಜೋಡಿಸಿದ ಕೈ ಸುಮ್ಮನಿರುತ್ತದೆಯೇ? ಊರುಗೋಲಿನಿಂದ ಎಳೆದೆಳೆದು ಜೋಡಿಸಿದೆ. ಗಂಡಸರದ್ದು ಒಂದು ಸಾಲು, ಮಕ್ಕಳದ್ದು ಒಂದು, ಹೆಂಗಸರದ್ದು ಒಂದು; ಕುಳಿತಾಗ ಬಿಟ್ಟಿದ್ದ ನನ್ನ ಜೋಡಿಯೂ ಅದರಲ್ಲೇ. ಎಲ್ಲವೂ ಅಳತೆಯ ಪ್ರಕಾರ. ಅಷ್ಟು ಲಕ್ಷಣವಾದ ಅಂಗಳವನ್ನು ಆ ಊರು ಕಂಡಿರಲಿಕ್ಕಿಲ್ಲ.

ಜನ ಹೊರಬಂದರು. ಪ್ರತಿಯೊಬ್ಬರೂ ತಾವು ಬಿಟ್ಟ ಜಾಗಕ್ಕೇ ಹೋಗಿ ನಿಂತರು. ಅಲ್ಲಿ ಬೇರೆಯವರ ಚಪ್ಪಲಿ! ಬೈದರು ನೋಡಿ, ದೇಶದ ಅಷ್ಟೂ ಭಾಷೆಯಲ್ಲಿ ಬೈದರು. ಒಂದು ಪದವೂ ತಿಳಿಯಲಿಲ್ಲ, ಪೂರ್ತಿ ಅರ್ಥವಾಯಿತು.

"ಅತ್ತಿಗೆ, ಇದೇನು ನಿಮ್ಮ ಅಂಗಡಿ ಅಂದ್ಕೊಂಡ್ರಾ? ಬನ್ನಿ, ಓಡಿಹೋಗಿ ಬಸ್ ಹತ್ತೋಣ!"

"ಓಡೋ ಮಂಡಿ ಇದ್ದಿದ್ರೆ ನಾನ್ಯಾಕೆ ಇಲ್ಲಿ ಕೂತಿರ್ತಿದ್ದೆ? ಸುಮ್ನೆ ನಿಂತ್ಕೊಳ್ಳೇ!" ಎಂದೆ.

ಎದ್ದು ನಿಂತು ಕೋಲು ಎತ್ತಿದೆ. ಮುಖ ನೋಡಲಿಲ್ಲ, ಕಾಲು ನೋಡಿದೆ. ಹಿಮ್ಮಡಿ ಹೊರಕ್ಕೆ ಒತ್ತುವವರು ಯಾರು, ಹೆಬ್ಬೆರಳು ಊರಿ ನಡೆಯುವವರು ಯಾರು, ನನಗೆ ತಿಳಿಯದೇ? ಅವರವರ ಜೋಡಿಯನ್ನು ಅವರವರ ಮುಂದಕ್ಕೆ ತಳ್ಳಿದೆ. ಒಂದೂ ತಪ್ಪಲಿಲ್ಲ. ಬೈದವರೇ ನಗುತ್ತ ಕೈಮುಗಿದರು. ಜೋಡಿಸಿದ್ದು ಸರಿಯಾಗಿಯೇ ಇತ್ತು ಎಂದು ಈಗಲೂ ಹೇಳುತ್ತೇನೆ.

ಎಲ್ಲರೂ ಹೋದ ಮೇಲೆ ನೋಡಿದರೆ ನನ್ನ ಚಪ್ಪಲಿಯೇ ಇಲ್ಲ! ಗಡಿಬಿಡಿಯಲ್ಲಿ ಯಾರೋ ಮೆಟ್ಟಿಕೊಂಡು ಹೋಗಿದ್ದರು. ನೆಲ ಕಾದ ಹೆಂಚು. ಆಗ ನೀರು ತಂದು ಮರಳಿದ್ದ ಆ ಕಾಯುವವನು ತನ್ನ ಚೀಲದಿಂದ ಹೊಸದೊಂದು ಜೋಡಿ ತೆಗೆದು ನನ್ನ ಕಾಲ ಮುಂದಿಟ್ಟ. ದುಡ್ಡು ಚಾಚಿದರೆ ಎದೆಯ ಮೇಲೆ ಕೈಯಿಟ್ಟು ತಲೆಯಾಡಿಸಿದ. ಏನೋ ಹೇಳಿದ. ನಮ್ಮ ಡ್ರೈವರಿಗೆ ಆ ಭಾಷೆ ಬರುತ್ತಿತ್ತು.

"ಅವನ ಅಕ್ಕನಿಗೆ ಅಂತ ತಂದಿದ್ದಂತೆ. 'ಈ ಬಿಸಿಲಲ್ಲಿ ಅಕ್ಕ ಬರಿಗಾಲಲ್ಲಿ ಹೋಗ್ಬಾರದು' ಅಂತಿದಾನೆ, ಅಮ್ಮ."

ಸಭಿಕರೇ, ಬೀದಿಗೆಲ್ಲ ನಾನು ಅಮ್ಮ. ಮನೆಯಲ್ಲಿ ಅತ್ತೆ, ಅಜ್ಜಿ, ಅತ್ತಿಗೆ. ಅಕ್ಕ ಎನ್ನುತ್ತಿದ್ದ ತಮ್ಮಂದಿರು ಒಬ್ಬರೂ ಈಗಿಲ್ಲ. ಆ ಪದ ಕೇಳಿ ಎಷ್ಟು ಕಾಲವಾಗಿತ್ತು... ನೀರು ಕೊಡಿ ಇಲ್ಲಿ.

ಆ ಜೋಡಿಯಲ್ಲಿ ತಪ್ಪು ಹುಡುಕಲು ಮನೆಯಲ್ಲಿ ಕನ್ನಡಕ ಹಾಕಿಕೊಂಡು ಕೂತೆ. ಒಂದು ಹೊಲಿಗೆಯೂ ಸಡಿಲವಿಲ್ಲ. ಹೊಟ್ಟೆ ಉರಿಯಿತು. ಮಳಿಗೆ ಕೇಳುತ್ತಿರುವವನು ಆ ಸೀಮೆಯವನೇ; ಅವನು ಮಾರುವುದೂ ಅಂಥದ್ದನ್ನೇ.

"ವ್ಯಾಪಾರ ಕಿತ್ಕೊಳ್ತಾನೆ ಅಮ್ಮ, ಅಲ್ದೆ ನಮ್ಮೋನೂ ಅಲ್ಲ" ಎಂದಿರಿ. ಮೊದಲನೆಯದು ನಿಜವಿರಬಹುದು. ಅದಕ್ಕೇ ಅಂಗಡಿ ನೋಡಿಕೊಳ್ಳುವ ಸೊಸೆಗೆ ಹೇಳಿದ್ದೇನೆ, ನಾಳೆಯಿಂದ ನಮ್ಮ ಹೊಲಿಗೆ ಬಿಗಿಯಾಗಬೇಕೆಂದು. ಎರಡನೆಯದನ್ನು ನಾನು ಒಪ್ಪುವುದಿಲ್ಲ. ಯಾಕೆಂದರೆ ಇಂದು ಬೆಳಿಗ್ಗೆ ಅವನು ಮಳಿಗೆ ನೋಡಲು ಬಂದ. ಒಳಗೆ ಇದ್ದದ್ದು ಬರೀ ಧೂಳು. ಆದರೂ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದ. ಆ ಕಾಲೂ ಹೊಸಿಲಲ್ಲಿ ನಿಧಾನವಾದದ್ದನ್ನು ನಾನು ಕಂಡೆ. ಬೀಗದ ಕೈ ಕೊಟ್ಟುಬಿಟ್ಟೆ.

ಬಾಡಿಗೆ ಎಲ್ಲರಿಗೂ ಇರುವಷ್ಟೇ. ಷರತ್ತು ಒಂದೇ ಹಾಕಿದ್ದೇನೆ: ನೀವೆಲ್ಲ ಕರೆಯುವ ಹಾಗೆ ಅವನು ನನ್ನನ್ನು ಅಮ್ಮ ಎನ್ನಕೂಡದು. ಏನೆನ್ನಬೇಕೆಂದು ಹೇಳಿಕೊಟ್ಟಿದ್ದೇನೆ.

ಮಾತಿಗೆ ಕರೆದ ಸಂಘಕ್ಕೆ, ಸಿಟ್ಟು ತಡೆದುಕೊಂಡು ಕುಳಿತಿರುವ ಕಾರ್ಯದರ್ಶಿಗಳಿಗೆ ವಂದನೆಗಳು. ಬರುವಾಗ ಸಭಾಂಗಣದ ಹೊರಗೆ ನಿಮ್ಮ ಚಪ್ಪಲಿಗಳು ಬಿದ್ದಿರುವ ಚೆಂದ ನೋಡಿದೆ. ಕೈ ತುರಿಸಿತು. ಮುಟ್ಟಿಲ್ಲ, ಹೆದರಬೇಡಿ. ನಮಸ್ಕಾರ.