ಎಲ್ಲ ಕಂಪ್ಯೂಟರಿಗೂ ಒಂದೇ ಪಾಸ್‌ವರ್ಡ್

ಹುಮನಾಬಾದ ಬಸ್ಸಿನಲ್ಲಿ ಮಗಳನ್ನು ಮಡಿಲಲ್ಲಿ ಮಲಗಿಸಿಕೊಂಡು ಕೂತಿದ್ದೆ. ಮುಂದಿನ ಸೀಟಿನಲ್ಲಿ ನಂದೂರಿನ ಬೇಳೆ ಮಿಲ್ಲಿನ ಆಫೀಸಿನವರಿಬ್ಬರು.

“ನಮ್ಮ ಮಿಲ್ಲಿನ ಭೀಮಶಾನ ಕೈ ಕತ್ತರಿಸಿದ ಮಷೀನಿಗೆ ಕೈ ಸಿಗದಂಗ ಹಾಕೋ ಜಾಳಿಗಿ ಇದ್ದಿಲ್ಲ ಅನ್ನಾಕ ಸಾಕ್ಷಿ ಅಂತ ಅದೊಂದೇ ಫೋಟೋ ಇತ್ತು. ನಾ ಯಾಕ ಅಳಸ್ಲೋ, ಸುಧಾಕರ?”

“ಅಳಿಸಿದವರು ಯಾರಂತ ನೋಡಿದ್ರ ಕಂಪ್ಯೂಟರಿನಾಗ ನಿಮ್ಮ ಹೆಸರೇ ಬಂದದ, ಸುಮಂಗಲಕ್ಕ.”

“ಹೆಂಗ ಬಂತು?”

“ಹೊಸ ಲಿನಕ್ಸ್ ಕಂಪ್ಯೂಟರಿನಾಗ ಫೋಟೋ ಇಟ್ಟ ವಿಂಡೋಸಿನ ಫೋಲ್ಡರ್ ತೆರೀಲಿಲ್ಲ. ಒಬ್ಬೊಬ್ಬರಿಗೆ ಪರ್ಮಿಷನ್ ಕೊಡಾಕ ಬ್ಯಾಸತ್ತು, ಎಲ್ಲಾದ್ರಾಗೂ ನಿಮ್ಮ ಪಾಸ್‌ವರ್ಡೇ ಹಾಕಿಬಿಟ್ಟೆ. ಯಾರು ಅಳಿಸಿದ್ರೂ ನಿಮ್ಮ ಹೆಸರೇ.”

“ಶಾಣ್ಯಾ! ಇದನ್ನ ಸಾಹೇಬರಿಗೆ ಹೇಳಿದೇನು?”

“ನೌಕರಿ ಹೋಗ್ತದರೀ.”

“ಕಮಲಾಪುರ ಸ್ಟ್ಯಾಂಡಿನಾಗ ಭೀಮಶಾನ ಹೆಂಡ್ತಿ ಶೇವಂತಾ ಕಾಯಾಕತ್ತಾಳ. ಫೋಟೋ ತರ್ತೀನಂತ ಹೇಳಿದ್ದೆ. ನೀನೇ ಬಂದು ಹೇಳು.”

ಕಮಲಾಪುರ ಬಂತು.

“ನಾ ಮುಂದಿನ ಸ್ಟಾಪಿಗೆ ಇಳೀತೀನ್ರಿ.”

“ನಿನ್ನ ಮನಿ ಇಲ್ಲೇ ಅದಲ್ಲೋ?”

ಕಿಟಕಿಯ ಆಚೆ ಕಾಯುತ್ತ ನಿಂತಿದ್ದ ಹೆಂಗಸಿನ ಕಡೆ ಅವನು ನೋಡಲಿಲ್ಲ. ಸುಮಂಗಲಾ ಒಬ್ಬಳೇ ಇಳಿದಳು.