ಅವನ ತುಟಿ, ನನ್ನ ದನಿ

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕುಳಿತಿರುವ ಅವನ ತಾಯಿಯವರಿಗೆ, ಪಕ್ಕದಲ್ಲಿರುವ ಅವನ ಅಕ್ಕನಿಗೆ, ನಿರ್ದೇಶಕರಿಗೆ, ಲೈಟಿನವರಿಗೆ, ಮೇಕಪ್ಪಿನವರಿಗೆ, ಇವತ್ತಿನ ಕೆಲಸ ಬಿಟ್ಟು ಬಂದಿರುವ ಎಲ್ಲ ಬಂಧುಗಳಿಗೆ — ನಮಸ್ಕಾರ.

ನನ್ನ ಮುಖ ನಿಮ್ಮಲ್ಲಿ ಅನೇಕರಿಗೆ ಗುರುತಿಲ್ಲ. ಆದರೆ ನಾನು ಬಾಯಿ ತೆರೆದ ಕೂಡಲೇ ಹಿಂದಿನ ಸಾಲಿನವರು ಕೆಲವರು ಬೆಚ್ಚಿ ಬಿದ್ದು ಹಾರ ಹಾಕಿರುವ ಆ ಫೋಟೋ ಕಡೆ ನೋಡಿದಿರಿ. ನಾನು ಗಮನಿಸಿದೆ. ಯಾಕೆಂದರೆ ನಿಮಗೆಲ್ಲ ಗೊತ್ತಿರುವ ಅವನ ದನಿ — ಇದು. ನನ್ನದು. ನಾನು ಡಬ್ಬಿಂಗ್ ಕಲಾವಿದ. ನಾಯಕನಾದ ಮೂರು ಸಿನಿಮಾಗಳಲ್ಲೂ ಅವನು ತುಟಿ ಆಡಿಸಿದ, ನಾನು ಮಾತಾಡಿದೆ.

ಇಪ್ಪತ್ತಾರು ವರ್ಷದ ಹುಡುಗ. ಹನ್ನೆರಡು ದಿನದ ಹಿಂದೆ ಬೆಳಿಗ್ಗೆ ಶೂಟಿಂಗಿಗೆಂದು ಬೈಕಿನಲ್ಲಿ ಹೊರಟವನು ದಾರಿಯಲ್ಲೇ ಹೋಗಿಬಿಟ್ಟ. ಇಂಥ ಸಭೆಯಲ್ಲಿ ತೀರಿಕೊಂಡವರ ಬಗ್ಗೆ ನಾಲ್ಕು ಒಳ್ಳೆಯ ಮಾತಾಡಬೇಕು. ಆಡುತ್ತೇನೆ. ಅದರ ಜೊತೆಗೆ ನನ್ನ ಬಗ್ಗೆ ಒಂದು ಕೆಟ್ಟ ಮಾತು ಹೇಳುವುದಿದೆ. ಅದನ್ನು ನುಂಗಿಕೊಂಡು ಈ ವೇದಿಕೆಯಿಂದ ಇಳಿದರೆ ನಾನು ಮನುಷ್ಯನೇ ಅಲ್ಲ.

ಅವನು ಬೆಳೆದದ್ದು ಹಿಟ್ಟಿನ ಗಿರಣಿಯಲ್ಲಿ. ಮಾತಿಗೆ ಹೇಳುತ್ತಿಲ್ಲ — ನಿಜವಾಗಿಯೂ ಗಿರಣಿಯ ಒಳಗೇ. ಹಳ್ಳಿಯ ಕೊನೆಯಲ್ಲಿ ತಗಡು ಹೊದೆಸಿದ ಒಂದು ಕೋಣೆ, ನಡುವೆ ಯಂತ್ರ. ಅಪ್ಪ ಬೇಗ ತೀರಿಕೊಂಡಿದ್ದರಿಂದ ಕಾಳು ಸುರಿಯುವುದೂ ಅಮ್ಮನೇ, ಜಾರಿದ ಬೆಲ್ಟು ಏರಿಸುವುದೂ ಅಮ್ಮನೇ. ಮಗ ಶಾಲೆಯಿಂದ ಬಂದು, ಹಿಟ್ಟಿನ ಡಬ್ಬಗಳ ನಡುವೆ ಜಾಗ ಮಾಡಿಕೊಂಡು, ರೆಪ್ಪೆ ಮೇಲೆಲ್ಲ ಹಿಟ್ಟು ಹೊತ್ತು ಓದುತ್ತಿದ್ದನಂತೆ. ಯಂತ್ರ ಓಡುವಾಗ ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ಹಾಗಾಗಿ ಆ ಮನೆಯವರೆಲ್ಲ ಗಂಟಲು ಹರಿಯುವಂತೆ ಕೂಗಿ ಮಾತಾಡುತ್ತಾರೆ, ಪ್ರತಿ ಮಾತಿನ ಕೊನೆಯನ್ನು ಎಳೆಯುತ್ತಾರೆ. ಮನೆಯಲ್ಲಿ ಗುಟ್ಟು ಹೇಳಬೇಕಾದರೆ ಗಿರಣಿ ನಿಲ್ಲಿಸಬೇಕಿತ್ತಂತೆ — ಹೌದು ತಾನೆ ಅಕ್ಕ? ತಲೆ ಆಡಿಸುತ್ತಿದ್ದಾರೆ ನೋಡಿ.

ಮೊದಲ ಸಿನಿಮಾದಲ್ಲಿ ಅವನು ಗುಂಪಿನಲ್ಲಿ ಆರನೇ ಸಾಲಿನವನು, ಕೈಯಲ್ಲಿ ಕೊಡೆ. ಮುಖವೂ ಸರಿಯಾಗಿ ಕಾಣಿಸಲಿಲ್ಲ. ಆಮೇಲೆ ಒಂದು ಧಾರಾವಾಹಿಯಲ್ಲಿ ಕಾವಲುಗಾರನ ಪಾತ್ರ, ಒಂದೇ ಡೈಲಾಗು — "ಸಾಹೇಬ್ರು ಮನೇಲಿಲ್ಲ." ಅದನ್ನು ಎಷ್ಟು ಜೋರಾಗಿ ಹೇಳಿದನೆಂದರೆ, ಏಣಿ ಹತ್ತಿ ನಿಂತಿದ್ದ ಲೈಟಿನವರು ಮೇಲಿಂದಲೇ, "ಆಯ್ತಪ್ಪ, ನಾಳೆ ಬರ್ತೀನಿ" ಅಂದರು. ಇಡೀ ಸೆಟ್ಟು ಬಿದ್ದು ಬಿದ್ದು ನಕ್ಕಿತು. ಅವತ್ತಿನಿಂದ ಅವನ ಹೆಸರು 'ಗಿರಣಿ' ಅಂತಲೇ ಆಯಿತು. ಅವನೂ ಬೇಸರ ಮಾಡಿಕೊಳ್ಳಲಿಲ್ಲ.

ಈಗ ನನ್ನ ವಿಷಯಕ್ಕೆ ಬರುತ್ತೇನೆ.

ನಾಯಕನ ಪಾತ್ರ ಸಿಕ್ಕಾಗ ದನಿ ಪರೀಕ್ಷೆಗೆಂದು ಅವನನ್ನು ನಮ್ಮ ಡಬ್ಬಿಂಗ್ ಕೋಣೆಗೆ ಕಳಿಸಿದರು. ಬಾಗಿಲಲ್ಲೇ ಚಪ್ಪಲಿ ಬಿಟ್ಟು ಒಳಗೆ ಬಂದ. ಗೋಡೆಗೆಲ್ಲ ಅಂಟಿಸಿದ್ದ ಮೆತ್ತೆಯನ್ನು ಬೆರಳಲ್ಲಿ ಒತ್ತಿ ನೋಡಿದ. "ಅಣ್ಣ, ಇಲ್ಲೂ ಕೂಗಬೇಕಾ?" ಅಂತ ಕೇಳಿದ. ಬೇಡ, ಮೆಲ್ಲಗೆ ಹೇಳಿದರೂ ಮೈಕಿಗೆ ಕೇಳುತ್ತದೆ ಅಂದೆ. ಬಹುಶಃ ಹುಟ್ಟಿದಾಗಿನಿಂದ ಮೊದಲ ಸಲ ಆ ಹುಡುಗ ಮೆಲ್ಲಗೆ ಮಾತಾಡಿದ.

ಆ ದನಿ — ಏನು ಹೇಳಲಿ — ಕೂಗಿ ಕೂಗಿ ಸ್ವಲ್ಪ ಒಡೆದಿತ್ತು, ಒರಟಾಗಿತ್ತು, ಕೊನೆಗಳನ್ನು ಎಳೆಯುತ್ತಿತ್ತು. ಆದರೆ ಒಂದು ಮಾತೂ ಸುಳ್ಳು ಅನ್ನಿಸಲಿಲ್ಲ. ಇಪ್ಪತ್ತೆರಡು ವರ್ಷ ಇದೇ ಕೆಲಸ ಮಾಡಿ ನನಗೆ ಒಲಿಯದ್ದು ಇವನಿಗೆ ಗಿರಣಿಯಲ್ಲೇ ಒಲಿದಿತ್ತು. ಗಾಜಿನ ಆಚೆಯಿಂದ ಸೌಂಡ್ ಇಂಜಿನಿಯರ್ ಹುಬ್ಬು ಹಾರಿಸಿದರು. ಅಷ್ಟರಲ್ಲಿ ನಿರ್ದೇಶಕರ ಫೋನ್ ಬಂತು, ಹೇಗಿದೆ ಅಂತ.

ನಾನು ಹೇಳಿದೆ — "ಹಳ್ಳಿ ವಾಸನೆ ಹೋಗಲ್ಲ ಸಾರ್. ಮುಖ ಚೆನ್ನಾಗಿದೆ. ಮಾತು ನಾನೇ ಕೊಡ್ತೀನಿ."

ಇಷ್ಟೇ. ಹೊಟ್ಟೆಕಿಚ್ಚು ಅನ್ನಿ, ಕೆಲಸ ಹೋಗುವ ಭಯ ಅನ್ನಿ, ಎರಡೂ ಸರಿಯೇ. ನಿರ್ದೇಶಕರೇ, ನೀವು ನನ್ನ ಕಿವಿಯನ್ನು ನಂಬಿದಿರಿ. ನಿಮ್ಮದೇನೂ ತಪ್ಪಿಲ್ಲ. ಇಂಜಿನಿಯರ್ ನನ್ನನ್ನು ಕೇಳಿದರು, ಚೆನ್ನಾಗಿ ಬಂದಿದೆ, ಇದನ್ನು ಇಟ್ಟುಕೊಳ್ಳಲಾ ಅಂತ. ಅಳಿಸಿ, ಜಾಗ ಯಾಕೆ ದಂಡ ಅಂದೆ. ನನ್ನೆದುರೇ ಅಳಿಸಿದರು.

ಹುಡುಗನಿಗೆ ಮಾತ್ರ ಹಿರಿಯನ ಹಾಗೆ ಹೆಗಲ ಮೇಲೆ ಕೈ ಹಾಕಿ ಬುದ್ಧಿ ಹೇಳಿದೆ. ಒಂದು ವರ್ಷ ಪಳಗು, ಎಳೆಯುವುದು ಬಿಡು, ಮುಂದಿನ ಸಿನಿಮಾಗೆ ನೀನೇ ಮಾತಾಡುವೆಯಂತೆ — ಅಂತ. ನಂಬಿದ, ಸ್ವಾಮಿ. ವರ್ಷವಿಡೀ ಬೆಳಿಗ್ಗೆ ಎದ್ದು ಪತ್ರಿಕೆಯನ್ನು ಗಟ್ಟಿಯಾಗಿ ಓದಿದ. ಮಾತಿನ ಬಾಲಗಳನ್ನೆಲ್ಲ ತಾನೇ ಕತ್ತರಿಸಿಕೊಂಡ. ಮತ್ತೆ ಬಂದು ಮೈಕಿನ ಮುಂದೆ ನಿಂತಾಗ ವಾರ್ತೆ ಓದುವವರ ಹಾಗೆ ಶುದ್ಧವಾಗಿ ಮಾತಾಡಿದ. ಈಗ ದನಿಯಲ್ಲಿ ಜೀವ ಇಲ್ಲ ಅಂದೆ. ಮೊದಲ ಸಲ ಹೇಳಿದ್ದು ಸುಳ್ಳು. ಈ ಸಲ ಹೇಳಿದ್ದು ನಿಜ — ಅದನ್ನು ನಿಜ ಮಾಡಿದವನೂ ನಾನೇ.

ಅವನು ಸಿಟ್ಟಾಗಲಿಲ್ಲ. ಚಪ್ಪಲಿ ಮೆಟ್ಟಿಕೊಳ್ಳುತ್ತಾ ಹೇಳಿದ, "ನಿನ್ನೆ ಮನೆಗೆ ಫೋನ್ ಮಾಡಿದ್ದೆ ಅಣ್ಣ. ಅಮ್ಮ, ಯಾರಪ್ಪ ಮಾತಾಡೋದು ಅಂದ್ರು." ತಮಾಷೆ ಅಂತ ಹೇಳಿದ. ನಾನೂ ನಕ್ಕೆ. ಆ ನಗು ನೆನೆದರೆ ಈಗ ನನಗೆ ಹೇಸಿಗೆಯಾಗುತ್ತದೆ.

ಐದು ದಿನದ ಹಿಂದೆ ಈ ತಾಯಿ ಅಕ್ಕನನ್ನು ಕರೆದುಕೊಂಡು ಸ್ಟುಡಿಯೋಗೆ ಬಂದರು. ಸಿನಿಮಾದಲ್ಲಿ ಮಾತಾಡಿದವನು ತಮ್ಮ ಮಗನಲ್ಲ ಅಂತ ಅವರಿಗೆ ಮೊದಲ ದಿನವೇ ಗೊತ್ತಾಗಿತ್ತು. ಅವರು ಕೇಳಿದ್ದು ಒಂದೇ — ಮಗನ ಸ್ವಂತ ದನಿ ಇಲ್ಲೆಲ್ಲಾದರೂ ಒಂದಿಷ್ಟು ಉಳಿದಿದೆಯಾ? ಶೂಟಿಂಗ್ ವೇಳೆ ಹಿಡಿದ ದನಿಯನ್ನು ನಾವು ಕೇಳಿಕೊಂಡು ಡಬ್ಬಿಂಗ್ ಮಾಡುತ್ತೇವೆ, ಕೆಲಸ ಮುಗಿದ ಮೇಲೆ ಅಳಿಸುತ್ತೇವೆ. ಮೂರು ಸಿನಿಮಾದ್ದೂ ಹೋಗಿದೆ. ಧಾರಾವಾಹಿಯ ಆ ಒಂದು ಡೈಲಾಗನ್ನೂ ಆಗಲೇ ಕತ್ತರಿಸಿ ಹಾಕಿದ್ದರು. ಅವನ ಫೋನು ರಸ್ತೆಯಲ್ಲೇ ಪುಡಿಯಾಯಿತು. ಟಿವಿ ಸಂದರ್ಶನಗಳಿವೆಯಲ್ಲ ಅಂದೆ. "ಅದ್ರಲ್ಲಿ ಮಾತಾಡೋನು ಪೇಟೆಯವನು. ನನಗೆ ನನ್ನ ಮಗ ಬೇಕಾಗಿತ್ತು" ಅಂದರು.

ಆಗ ತಡೆಯಲಾಗಲಿಲ್ಲ. ಆ ಪರೀಕ್ಷೆ, ಆ ಫೋನು, ಅಳಿಸಿದ್ದು — ಎಲ್ಲ ಹೇಳಿದೆ. ಬೈಯುತ್ತಾರೆ ಅಂದುಕೊಂಡೆ. ಬೈದರೆ ಹಗುರಾಗುತ್ತಿತ್ತು. ಅಮ್ಮ ಹೀಗಂದರು —

"ನಾನು ಅವನ ಸಿನಿಮಾನ ಸೌಂಡ್ ತೆಗೆದೇ ನೋಡೋದಪ್ಪ. ಮೂವತ್ತು ವರ್ಷ ಗಿರಣೀಲಿ ತುಟಿ ನೋಡ್ಕೊಂಡೇ ಜನರ ಮಾತು ತಿಳ್ಕೊಂಡವಳು ನಾನು. ನಿಮ್ಮ ದನಿ ನಿಂತ್ರೆ ಸಾಕು, ಅವನು ಮಾತಾಡ್ತಾನೆ."

ಕ್ಷಮಿಸಿದೆ ಅಂತ ಅವರು ಹೇಳಲಿಲ್ಲ. ಕ್ಷಮಿಸಿ ಅಂತ ಕೇಳುವ ಮುಖ ನನಗೂ ಇರಲಿಲ್ಲ. ಈಗಲೂ ಇಲ್ಲ.

ಬಂಧುಗಳೇ, ಸಂಘಟಕರು ಇವತ್ತು ಅವನು ನಾಯಕನಾದ ಮೊದಲ ಸಿನಿಮಾದ ಆ ಹೆಸರಾದ ದೃಶ್ಯವನ್ನು ಈ ಪರದೆಯ ಮೇಲೆ ಡೈಲಾಗು ಸಮೇತ ತೋರಿಸಬೇಕೆಂದಿದ್ದರು. ನಾನು ಅವರಿಗೆ ಕೈಮುಗಿದು ಕೇಳಿಕೊಂಡೆ, ಸೌಂಡ್ ಬೇಡ ಅಂತ. ಒಂದು ನಿಮಿಷದ ದೃಶ್ಯ. ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಕೆಮ್ಮು ಬಂದರೂ ಸ್ವಲ್ಪ ತಡೆದುಕೊಳ್ಳಿ.

ಅಮ್ಮ, ನೀವು ಏಳಬೇಡಿ. ಕೂತೇ ಕೇಳಿಸಿಕೊಳ್ಳಿ.

ಮೈಕ್ ಆರಿಸುತ್ತಿದ್ದೇನೆ.