ಹಂಪ್ ಎಲ್ಲಿ ಹಾಕಬೇಕು

ಮಧ್ಯದಲ್ಲಿ ಬಸ್ಸು ನಿಲ್ಲಿಸಿ ಎಂದು ಯಾರೇ ಗೋಗರೆದರೂ, “ಸ್ಟಾಪಲ್ಲಿ ಇಳಿದು ನಡ್ಕೊಂಡು ಹೋಗಿ” ಎನ್ನುವುದು ಕಂಡಕ್ಟರನ ಒಂದೇ ಮಾತು. ಯಾರಪ್ಪನ ಮಾತಿಗೂ ಜಗ್ಗುವ ಆಸಾಮಿಯಲ್ಲ. ಅಂದು ಅವನ ಹಿಂದಿನ ಸೀಟಿನಲ್ಲಿ ಅತ್ತಿಗೆ, ನಾದಿನಿ ಇಬ್ಬರೂ ಮಾತಿಗಿಳಿದಿದ್ದರು.

“ಸ್ಕೂಲ್ ಹತ್ರ ನಿನ್ನೆ ಹಂಪ್ ಹಾಕಿದ್ರಂತಲ್ಲ, ಅತ್ತಿಗೆ?”

“ಹೂಂ. ಎಲ್ಲಿ ಬೇಕು ಅಂತ ವಾರ್ಡ್ ಸಭೇಲಿ ಜನರನ್ನೇ ಕೇಳಿದ್ರು. ಮಕ್ಕಳು ರಸ್ತೆ ದಾಟೋ ಕಡೆ ಹಾಕಿ ಅಂದೆ. ಎಲ್ರೂ ಕೈ ಎತ್ತಿದ್ರು.”

“ಅದು ನಿಮ್ಮನೆ ಎದುರಿಗೇ ಅಲ್ವಾ?”

“ಅದಕ್ಕೆ ನಾನೇನು ಮಾಡ್ಲಿ? ಸ್ಕೂಲನ್ನ ನಾನು ಕಟ್ಸಿದ್ನಾ?”

“ಬಸ್ಸಿನವ್ರು ಬೇಡ ಅನ್ಲಿಲ್ವಾ?”

“ಅವರನ್ನೂ ಕರೆದಿದ್ರು. ಬಂದಿದ್ರೆ ತಾನೇ ಬೇಡ ಅನ್ನೋದು?”

ಕಂಡಕ್ಟರನ ಕಿವಿ ನೆಟ್ಟಗಾಯಿತು. ಡಿಪೋ ಗೋಡೆಯ ಮೇಲೆ ಆ ಸಭೆಯ ನೋಟೀಸನ್ನು ಅವನೂ ನೋಡಿದ್ದ. ನಮಗ್ಯಾಕೆ ಊರ ಉಸಾಬರಿ ಎಂದು ಚಹಾ ಕುಡಿಯಲು ಹೋಗಿದ್ದ.

ಅಷ್ಟರಲ್ಲಿ ಹಂಪ್ ಬಂತು. ಬಸ್ಸು ತೆವಳಿತು. ಮಕ್ಕಳು ದಾಟುತ್ತಿದ್ದುದರಿಂದ ನಿಂತೂಬಿಟ್ಟಿತು. ಅತ್ತಿಗೆ ನಾದಿನಿಯರು ಚೀಲ ಎತ್ತಿಕೊಂಡು, ಮನೆಯೆದುರೇ ಆರಾಮಾಗಿ ಇಳಿದರು.

ಕಂಡಕ್ಟರ್ ಬಾಗಿಲಿನಿಂದ ತಲೆ ಹೊರಹಾಕಿದ. “ಅಕ್ಕಾ, ಮುಂದಿನ ಸಭೆ ಯಾವಾಗ?”

“ಭಾನುವಾರ, ಇದೇ ಸ್ಕೂಲಲ್ಲಿ,” ಎಂದರು ಅತ್ತಿಗೆ, ತಮ್ಮ ಗೇಟು ತೆಗೆಯುತ್ತ. “ಸ್ಟಾಪಲ್ಲಿ ಇಳಿದು ನಡ್ಕೊಂಡು ಬನ್ನಿ.”